ಆರ್‌ಪಿಜಿ ಆಡಲು ಮೊಬೈಲ್ ಸಾಕೇ, ಪಿಸಿ ಬೇಕೇ?

ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಕಥೆಯೊಳಗೆ ಸಾಗುವ ರೋಲ್ ಪ್ಲೇಯಿಂಗ್ ಗೇಮ್, ಆಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಯಂತ್ರದ ಬಗ್ಗೆ ವಿಚಾರಿಸುತ್ತಾರೆ. ಎಷ್ಟು ರ‍್ಯಾಮ್ ಬೇಕು, ಗ್ರಾಫಿಕ್ಸ್ ಕಾರ್ಡ್ ಯಾವುದು ಒಳ್ಳೆಯದು, ಈಗಿರುವ ಫೋನಿನಲ್ಲೇ ನಡೆದೀತೇ ಎಂಬ ಪ್ರಶ್ನೆಗಳೆಲ್ಲ ಸರಿಯಾದವೇ. ಆದರೆ ಅವುಗಳಿಗಿಂತ ಮೊದಲು ಇತ್ಯರ್ಥವಾಗಬೇಕಾದ ಸಂಗತಿಗಳು ಎರಡಿವೆ. ನೀವು ಆಡಬಯಸುವ ಆಟ ಯಾವುದು ಎಂಬುದು ಒಂದು, ನಿಮಗೆ ಸಿಗುವ ಬಿಡುವು ಎಂಥದು ಎಂಬುದು ಇನ್ನೊಂದು. ಹತ್ತಾರು ಗಂಟೆಗಳ ಕಥೆಯುಳ್ಳ ಈ ಬಗೆಯ ಆಟಗಳನ್ನು ಜನ ಅರ್ಧಕ್ಕೇ ಕೈಬಿಡುವುದು ಯಂತ್ರದ ದೌರ್ಬಲ್ಯದಿಂದ ಅಲ್ಲ, ಆಟದ ನಡಿಗೆಗೂ ತಮ್ಮ ದಿನಚರಿಗೂ ತಾಳೆಯಾಗದೆ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಮೊದಲ ಕೆಲಸವಾಗಿ, ಆಡಲೇಬೇಕೆನಿಸಿದ ಮೂರು ನಾಲ್ಕು ಆಟಗಳ ಹೆಸರು ಬರೆದುಕೊಂಡು, ಅವು ಎಲ್ಲೆಲ್ಲಿ ಲಭ್ಯ ಎಂಬುದನ್ನು ನೋಡಿಕೊಳ್ಳಿ. 2015ರ ದಿ ವಿಚರ್ 3, 2022ರ ಎಲ್ಡನ್ ರಿಂಗ್, 2023ರ ಬಾಲ್ಡರ್ಸ್ ಗೇಟ್ 3 ನಿಮ್ಮ ಪಟ್ಟಿಯಲ್ಲಿದ್ದರೆ ಯೋಚಿಸುವುದೇ ಬೇಡ. ಅವು ಫೋನಿಗಾಗಿ ತಯಾರಾದ ಆಟಗಳಲ್ಲ. 2020ರ ಗೆನ್ಶಿನ್ ಇಂಪ್ಯಾಕ್ಟ್, 2023ರ ಹೊಂಕೈ: ಸ್ಟಾರ್ ರೈಲ್ ಎರಡೂ ಕಡೆ ಇವೆ, ಒಂದೇ ಖಾತೆಯಿಂದ ಪಿಸಿಯಲ್ಲಿ ಬಿಟ್ಟ ಜಾಗದಿಂದಲೇ ಫೋನಿನಲ್ಲಿ ಮುಂದುವರಿಯಬಹುದು. ಹಾಗೆಂದು ಫೋನಿನಲ್ಲಿ ಇಂಥ ಉಚಿತ ಆಟಗಳಷ್ಟೇ ಸಿಗುತ್ತವೆ ಎಂದು ತಿಳಿಯಬೇಕಾಗಿಲ್ಲ. 1998ರ ಮೊದಲ ಬಾಲ್ಡರ್ಸ್ ಗೇಟ್ ಪರಿಷ್ಕೃತ ರೂಪದಲ್ಲಿ ಅಲ್ಲಿಗೂ ಬಂದಿದೆ, ಸ್ಟಾರ್ಡ್ಯೂ ವ್ಯಾಲಿ ಕೂಡ ಒಮ್ಮೆ ಕೊಂಡರೆ ಮುಗಿಯುವ ಆಟವಾಗಿಯೇ ದೊರೆಯುತ್ತದೆ.

ಪಟ್ಟಿಯಿಂದ ಉತ್ತರ ಸಿಗದಿದ್ದರೆ ಬಿಡುವಿನ ಲೆಕ್ಕ ಹಾಕಬೇಕು. ಇಲ್ಲಿ ಒಟ್ಟು ಗಂಟೆಗಳಿಗಿಂತ ಆ ಗಂಟೆಗಳು ಬರುವ ರೀತಿ ಮುಖ್ಯ. ದಿನಕ್ಕೆ ಆರು ಬಾರಿ ಹತ್ತು ಹತ್ತು ನಿಮಿಷ ಸಿಗುವವರಿಗೂ ರಾತ್ರಿ ಒಂದು ಗಂಟೆ ಒಟ್ಟಿಗೆ ಸಿಗುವವರಿಗೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ, ಆಟದಲ್ಲಿ ಅಜಗಜಾಂತರವಿದೆ. ದೀರ್ಘ ಸಂಭಾಷಣೆ ಓದಿ, ಯಾರು ಯಾರಿಗೆ ಏನು ಮಾತು ಕೊಟ್ಟಿದ್ದಾರೆಂದು ನೆನಪಿಟ್ಟುಕೊಂಡು ತೀರ್ಮಾನ ಮಾಡಬೇಕಾದ ಆಟವನ್ನು ಹತ್ತು ನಿಮಿಷದ ತುಣುಕುಗಳಲ್ಲಿ ಆಡಿದರೆ, ಪ್ರತಿ ಸಲವೂ ಅರ್ಧ ಸಮಯ ಹಿಂದಿನದನ್ನು ನೆನಪಿಸಿಕೊಳ್ಳುವುದಕ್ಕೇ ಹೋಗುತ್ತದೆ. ತುಣುಕು ಬಿಡುವಿಗೆ ಸರದಿಯಂತೆ ಹೊಡೆದಾಡುವ ಆಟಗಳು ಹೊಂದುತ್ತವೆ; ನಡುವೆ ಕರೆ ಬಂದರೂ ಶತ್ರು ನಿಮ್ಮ ಸರದಿಗಾಗಿ ಕಾದು ನಿಂತಿರುತ್ತಾನೆ. ಎಲ್ಡನ್ ರಿಂಗ್‌ನಂಥ ಆಟಗಳಲ್ಲಿ ಮೆನು ತೆರೆದರೂ ಲೋಕ ನಿಲ್ಲುವುದಿಲ್ಲ. ಫೋನಿನಲ್ಲಿ ಆಡುವುದಾದರೆ ಆಟ ಯಾವಾಗ ಸೇವ್ ಆಗುತ್ತದೆಂಬುದನ್ನು ಮೊದಲ ದಿನವೇ ಪರೀಕ್ಷಿಸಿಕೊಳ್ಳಿ, ಏಕೆಂದರೆ ಬೇರೆ ಆ್ಯಪ್ ತೆರೆದಾಗ ಹಿನ್ನೆಲೆಯಲ್ಲಿರುವ ಆಟವನ್ನು ಫೋನ್ ತಾನಾಗಿ ಮುಚ್ಚಿಬಿಡುವುದುಂಟು.

ಮುಂದಿನದು ಕೈ ಮತ್ತು ಕಣ್ಣಿನ ಪ್ರಶ್ನೆ. ಟಚ್ ಪರದೆಯ ಮೇಲೆ ಎರಡು ಹೆಬ್ಬೆರಳುಗಳು ದೃಶ್ಯದ ಒಂದು ಭಾಗವನ್ನೇ ಮರೆಮಾಡುತ್ತವೆ. ಓಡುತ್ತಾ, ನೋಟ ತಿರುಗಿಸುತ್ತಾ, ಒಟ್ಟಿಗೇ ಮಂತ್ರ ಪ್ರಯೋಗಿಸಬೇಕಾದ ಕಡೆ ಇದು ಬಹಳ ಕಾಡುತ್ತದೆ. ಕಂಟ್ರೋಲರ್ ಜೋಡಿಸಿದರೆ ಸಮಸ್ಯೆ ಬಹುಪಾಲು ನೀಗುತ್ತದೆ, ಆದರೆ ಎಲ್ಲ ಮೊಬೈಲ್ ಆಟಗಳೂ ಅದನ್ನು ಒಪ್ಪುವುದಿಲ್ಲವಾದ್ದರಿಂದ ಕೊಳ್ಳುವ ಮುನ್ನ ಖಚಿತಪಡಿಸಿಕೊಳ್ಳಬೇಕು. ಮೌಸ್‌ಗಾಗಿ ರೂಪಿಸಿದ ಹಳೆಯ ಆಟಗಳದು ಬೇರೆಯೇ ತೊಡಕು: ಅಲ್ಲಿನ ಚೀಲದಲ್ಲಿರುವ ಹತ್ತಾರು ವಸ್ತುಗಳ ಚಿಕ್ಕ ಚಿತ್ರಗಳನ್ನು ಫೋನಿನಲ್ಲಿ ಬೆರಳಿನಿಂದ ಹಿಡಿದೆಳೆಯುವುದು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ಇಂಥವಕ್ಕೆ ಟ್ಯಾಬ್ಲೆಟ್ ಮೇಲು. ಆಟದ ಮಾತುಕತೆಯ ಪರದೆಯ ಚಿತ್ರವೊಂದನ್ನು ನಿಮ್ಮ ಫೋನಿನಲ್ಲಿ ತೆರೆದು, ಕೈಯಳತೆಯ ದೂರದಲ್ಲಿ ಹಿಡಿದು ಓದಿ ನೋಡಿ. ಕಣ್ಣು ಕಿರಿದಾದರೆ ಆ ಆಟ ನಿಮ್ಮ ಫೋನಿಗಲ್ಲ.

ಯಂತ್ರದ ಮಾತು ಈಗ ಬರಲಿ. ಬಾಲ್ಡರ್ಸ್ ಗೇಟ್ 3 ಎಸ್‌ಎಸ್‌ಡಿಯಲ್ಲಿ (ಕಡತಗಳನ್ನಿಡುವ ವೇಗದ ಡ್ರೈವ್) 150 ಜಿಬಿ ಜಾಗ ಕೇಳುತ್ತದೆ. ಅದರ ಕನಿಷ್ಠ ರ‍್ಯಾಮ್ 8 ಜಿಬಿ, ಶಿಫಾರಸು ಮಾಡಿದ್ದು 16 ಜಿಬಿ. ಕೊಳ್ಳುವಾಗ ಕನಿಷ್ಠದ ಸಾಲನ್ನು ಬಿಟ್ಟು ಶಿಫಾರಸಿನ ಸಾಲನ್ನೇ ನೋಡಿ. ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್ಪನ್ನು ಸಾಮಾನ್ಯವಾಗಿ ಬದಲಿಸಲಾಗದು, ಡೆಸ್ಕ್‌ಟಾಪ್‌ನದನ್ನು ಬದಲಿಸಬಹುದು. ಬಹುತೇಕ ಫೋನುಗಳಲ್ಲಿ ಫ್ಯಾನ್ ಇರುವುದಿಲ್ಲ. ಬಿಸಿಯೇರಿದಂತೆ ಚಿಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ, ಮೊದಲ ಹತ್ತು ನಿಮಿಷ ಸರಾಗವಾಗಿದ್ದ ಆಟ ಅರ್ಧ ಗಂಟೆಯಲ್ಲಿ ತಡವರಿಸತೊಡಗಬಹುದು. ಸೆಟ್ಟಿಂಗ್ಸ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ ಬದಲು 30ಕ್ಕೆ ಇಳಿಸುವುದು, ಚಾರ್ಜ್ ಮಾಡುತ್ತಾ ಆಡದಿರುವುದು ಇದಕ್ಕೆ ಸುಲಭದ ಪರಿಹಾರ. ಬಿಸಿ ಕಡಿಮೆಯಾದಷ್ಟೂ ಬ್ಯಾಟರಿಯ ಆಯುಸ್ಸಿಗೆ ಒಳ್ಳೆಯದು.

ಖರ್ಚಿನ ವಿಷಯದಲ್ಲಿ ಫೋನ್ ಅಗ್ಗ ಎಂಬ ನಂಬಿಕೆಯನ್ನು ಸ್ವಲ್ಪ ಪರಿಶೀಲಿಸಬೇಕು. ಗೆನ್ಶಿನ್ ಇಂಪ್ಯಾಕ್ಟ್ ಉಚಿತ, ಆದರೆ ಅಲ್ಲಿ ಅತಿ ವಿರಳವಾದ ಐದು ನಕ್ಷತ್ರದ ಪಾತ್ರ ಸಿಗುವುದು ಲಾಟರಿಯಂಥ ಗಾಚಾ ಪದ್ಧತಿಯಲ್ಲಿ. ಒಂದು ಎತ್ತುವಿಕೆಗೆ ಮೂಲ ಸಾಧ್ಯತೆ 0.6%, ದುರದೃಷ್ಟ ಬೆನ್ನುಬಿಡದಿದ್ದರೆ 90ನೆಯದರಲ್ಲಿ ಖಾತರಿ. ತಿಂಗಳ ಮಿತಿಯನ್ನು ಮೊದಲೇ ನಿಗದಿಪಡಿಸದೆ ಇಂಥ ಆಟಕ್ಕೆ ಇಳಿಯಬೇಡಿ, ಅದನ್ನು ಪಿಸಿಯಲ್ಲಿ ಆಡಿದರೂ ನಿಯಮ ಇದೇ. ಪಿಸಿಯಲ್ಲಿ ಯಂತ್ರದ ವೆಚ್ಚ ಮೊದಲೇ ದೊಡ್ಡದಾಗಿ ಬರುತ್ತದೆ. ಆದರೆ ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಂಡ ಆಟವನ್ನು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಿಂತಿರುಗಿಸಿ ಹಣ ಪಡೆಯಬಹುದು. ನಿಮ್ಮ ಪಿಸಿಯ ಶಕ್ತಿ ಅಳೆಯಲು ಆ ಎರಡು ಗಂಟೆಯನ್ನು ಬಳಸಿಕೊಳ್ಳಿ, ಪಾತ್ರದ ಮೂಗು ತಿದ್ದುವುದರಲ್ಲೇ ಅದನ್ನು ಕಳೆಯಬೇಡಿ.

ಬಾಳಿಕೆಯಲ್ಲಿ ಮಾತ್ರ ಪಿಸಿಯ ಕೈ ಮೇಲೆಂದು ನಿಸ್ಸಂದೇಹವಾಗಿ ಹೇಳುವೆ. 1997ರ ಫಾಲ್‌ಔಟ್ ಇಂದೂ ಪಿಸಿಯಲ್ಲಿ ಕೊಂಡು ಆಡಲು ಸಿಗುತ್ತದೆ. 2011ರ ಸ್ಕೈರಿಮ್‌ಗೆ ಅಭಿಮಾನಿಗಳು ಮಾಡಿದ ಮಾಡ್‌ಗಳಿಗೆ, ಅಂದರೆ ಆಟವನ್ನು ಬದಲಿಸುವ ಸೇರ್ಪಡೆಗಳಿಗೆ, ಲೆಕ್ಕವಿಲ್ಲ. ಅತ್ತ 2017ರಲ್ಲಿ ಐಫೋನಿನ ಕಾರ್ಯಾಚರಣಾ ತಂತ್ರಾಂಶ ಐಓಎಸ್ 11 ಬಂದಾಗ 32 ಬಿಟ್‌ನ ಹಳೆಯ ಆ್ಯಪ್‌ಗಳೆಲ್ಲ ಒಮ್ಮೆಗೇ ನಿಂತವು. 2010ರಲ್ಲಿ ಐಫೋನಿನ ಹೆಮ್ಮೆಯೆನಿಸಿದ್ದ ಇನ್ಫಿನಿಟಿ ಬ್ಲೇಡ್ 2018ರ ಡಿಸೆಂಬರ್‌ನಲ್ಲಿ ಮಾರಾಟದಿಂದಲೇ ಮರೆಯಾಯಿತು.

ಇನ್ನೂ ತೀರ್ಮಾನವಾಗದಿದ್ದರೆ, ಇರುವ ಫೋನಿನಲ್ಲಿ ಒಮ್ಮೆ ಹಣ ಕೊಟ್ಟು ಕೊಳ್ಳುವ ಆಟವೊಂದನ್ನು ಒಂದು ತಿಂಗಳು ಆಡಿ ನೋಡುವುದು ಲೇಸು. ಪಿಸಿ ಈಗಾಗಲೇ ಇರುವವರು ಸ್ಟೀಮ್ ಲಿಂಕ್ ಆ್ಯಪ್ ಮೂಲಕ ಅದರ ಆಟವನ್ನೇ ಫೋನಿನ ಪರದೆಗೆ ತರಿಸಿಕೊಳ್ಳಬಹುದು. ಜಾಲ ತುಸು ನಿಧಾನವಾದರೂ ಸರದಿಯ ಆಟಗಳಿಗೆ ಅಷ್ಟು ಬಾಧಕವಿಲ್ಲ. ಎರಡೂ ಕಡೆ ನಡೆಯುವ ಆಟವನ್ನು ಫೋನಿನಲ್ಲಿ ಶುರು ಮಾಡಿದವರು, ಆ್ಯಪ್ ಅಳಿಸುವ ಮುನ್ನ ಹೆಸರು ನೋಂದಾಯಿಸದೆ ತೆರೆದ ಅತಿಥಿ ಖಾತೆಯನ್ನು ಇಮೇಲ್‌ಗೆ ಜೋಡಿಸಿಕೊಂಡಿರಬೇಕು. ಇಲ್ಲವಾದರೆ ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಆ ಫೋನಿನಲ್ಲೇ ಕೊನೆಯಾದೀತು.