ಜಿಪ್ಸಿಯ ಇಸಿಯುವನ್ನು ಹೆಗಲ ಮಟ್ಟಕ್ಕೆ ಏರಿಸಿದ್ದು: ನನ್ನ ಅನುಭವ

ನನ್ನ ಮಾರುತಿ ಜಿಪ್ಸಿಯ ಇಸಿಯುವನ್ನು, ಅಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರನ್ನು, ಹಳ್ಳದ ನೀರು ತಾಗದಷ್ಟು ಮೇಲೇರಿಸಲು ಅದರ ವೈರುಗಳನ್ನು ಕತ್ತರಿಸಿ ಉದ್ದ ಮಾಡುತ್ತೇನೆಂದು ಹೇಳಿದಾಗ ಸಕಲೇಶಪುರದಲ್ಲಿ ನನಗೆ ಪರಿಚಯವಿರುವ ಮೂವರು ಆಟೋ ಎಲೆಕ್ಟ್ರಿಷಿಯನ್ನರೂ ಆಗದು ಎಂದು ತಲೆಯಾಡಿಸಿದರು. "ಗೌಡ್ರೇ, ಹೆಡ್‌ಲೈಟಿನ ವೈರು ಬೇಕಾದ್ರೆ ಹಾಸನದವರೆಗೆ ಎಳೆದುಕೊಡ್ತೀನಿ, ಕಂಪ್ಯೂಟರ್ ವೈರಿಗೆ ಮಾತ್ರ ಕೈ ಹಾಕಲ್ಲ" ಎಂದು ಅವರಲ್ಲಿ ಹಿರಿಯರೊಬ್ಬರು ಹೇಳಿದ್ದು ಈಗಲೂ ನೆನಪಿದೆ. ಅದಾಗಿ ಮೂರು ಮಳೆಗಾಲ ಕಳೆದಿವೆ, ಇಂಜಿನ್ ಒಮ್ಮೆಯೂ ಹಳ್ಳದ ಮಧ್ಯೆ ನಿಂತಿಲ್ಲ. ಆದ್ದರಿಂದ ಈಗ ಬರೆಯಬಹುದು ಎನಿಸಿದೆ.

ನನ್ನದು 1298 ಸಿಸಿಯ, 16 ವಾಲ್ವಿನ ಎಂಪಿಎಫ್‌ಐ ಜಿಪ್ಸಿ ಕಿಂಗ್, ಅಂದರೆ ಇಸಿಯು ಹೇಳಿದಂತೆ ಇಂಜೆಕ್ಟರುಗಳು ಪೆಟ್ರೋಲು ಚಿಮ್ಮಿಸುವ ಗಾಡಿ. ಹಿಂದೆ ಕಾರ್ಬ್ಯುರೇಟರಿನ ಜಿಪ್ಸಿ ಇದ್ದಾಗ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಣಬಟ್ಟೆಯಲ್ಲಿ ಒರೆಸಿದರೆ ಹೇಗೋ ಮನೆ ಸೇರಬಹುದಿತ್ತು. ಈ ಗಾಡಿಯಲ್ಲಿ ಇಸಿಯು ಇದ್ದದ್ದು ಎಡಗಡೆ ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಪಕ್ಕದಲ್ಲಿ ಕುಳಿತವರ ಮೊಣಕಾಲಿಗೆ ತಾಗುವಷ್ಟು ಕೆಳಗೆ. ತೋಟದ ಆಳುಗಳ ಲೈನ್ ಮನೆಗಳಿಗೆ ಹೋಗಬೇಕಾದರೆ ನಾವು ಹಳ್ಳ ದಾಟಲೇಬೇಕು. ಪುನರ್ವಸು ಮಳೆ ಹಿಡಿದುಕೊಂಡಿತೆಂದರೆ ಬಾಗಿಲ ಸಂದಿಯಿಂದ ಒಳಬಂದ ನೀರು ಸೀಟಿನ ಬುಡ ಮುಟ್ಟುತ್ತದೆ, ಗಾಡಿ ಮೂತಿ ತಗ್ಗಿಸಿ ಇಳಿಯುವಾಗ ಆ ನೀರೆಲ್ಲ ಮುಂದಕ್ಕೆ ನುಗ್ಗಿ ಇಸಿಯುವಿಗೇ ಬಡಿಯುತ್ತದೆ. ಮೊದಲನೆಯದನ್ನು ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಒಣಗಿಸಿ ಬದುಕಿಸಿಕೊಂಡೆ; ಅದು ನಾಲ್ಕು ತಿಂಗಳ ನಂತರ ಸತ್ತಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದ ಸೆಕೆಂಡ್ ಹ್ಯಾಂಡ್ ಇಸಿಯುವಿಗೆ ಒಂಬತ್ತು ಸಾವಿರದ ಆಸುಪಾಸು ಕೊಟ್ಟೆ. ಅದೂ ಮರುವರ್ಷ ಹೋದಾಗ ಇನ್ನೊಂದಕ್ಕೆ ಹನ್ನೊಂದು ಸಾವಿರ ಆಯಿತು.

ಇಸಿಯುವನ್ನು ಇದ್ದಲ್ಲೇ ಇಟ್ಟು ನೀರು ತಡೆಯುವ ಎಲ್ಲ ಸರ್ಕಸ್ಸನ್ನೂ ನಾನು ಮಾಡಿ ನೋಡಿದ್ದೇನೆ. ಮೊದಲು ನಾಲ್ಕೂ ಕಡೆ ಲಾಕ್ ಇರುವ ಪ್ಲಾಸ್ಟಿಕ್ ಊಟದ ಡಬ್ಬಿಯೊಳಗೆ ಕೂರಿಸಿ, ವೈರುಗಳು ಹೊರಬರುವ ಕಡೆ ಟೇಪು ಸುತ್ತಿದೆ. ಹೊರಗಿನ ನೀರು ಅದರೊಳಗೆ ಬರಲಿಲ್ಲ, ನಿಜ. ಆದರೆ ಓಡುವಾಗ ಬಿಸಿಯಾದ ಡಬ್ಬಿ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸಂದಿಯಲ್ಲಿರುವ ತೇವವನ್ನೆಲ್ಲ ಎಳೆದುಕೊಳ್ಳುತ್ತಿತ್ತು. ವಾರದ ನಂತರ ಬಿಚ್ಚಿದಾಗ ಮುಚ್ಚಳದ ಒಳಮೈಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳದಂತೆ ಹನಿಗಳು ಜೋತು ಬಿದ್ದಿದ್ದವು. ಆಮೇಲೆ ಬಾತ್‌ರೂಮಿಗೆ ಬಳಸುವ ಸಿಲಿಕಾನ್ ಅಂಟನ್ನು, ವೈರುಗಳು ಇಸಿಯುವಿಗೆ ಸಿಕ್ಕಿಕೊಳ್ಳುವ ಕಪ್ಲರಿನ ಹಿಂದೆ ತುಂಬಿದೆ. ಅದು ನಾನು ಮಾಡಿದ ಅತ್ಯಂತ ದೊಡ್ಡ ದಡ್ಡತನ. ವಿನೆಗರ್ ವಾಸನೆ ಬರುವ ಸಿಲಿಕಾನ್ ಗಟ್ಟಿಯಾಗುವಾಗ ಆಮ್ಲ ಬಿಡುತ್ತದೆ, ಆ ಆಮ್ಲ ತಾಮ್ರವನ್ನು ತಿನ್ನುತ್ತದೆ. ಆರು ತಿಂಗಳಲ್ಲಿ ಪಿನ್ನುಗಳ ಬುಡವೆಲ್ಲ ಹಸಿರಾಗಿ, ಒಂದು ಇಂಜೆಕ್ಟರಿನ ವೈರು ಬೆರಳಿನಲ್ಲಿ ಎಳೆದರೆ ಕೈಗೇ ಬಂತು. ಸಿಲಿಕಾನ್ ಬಳಸಲೇಬೇಕೆಂದರೆ ನ್ಯೂಟ್ರಲ್ ಕ್ಯೂರ್ ಎಂದು ಟ್ಯೂಬಿನ ಮೇಲೆ ಬರೆದಿರುವುದನ್ನು ಓದಿಯೇ ಕೊಳ್ಳಬೇಕು.

ಡ್ಯಾಶ್‌ಬೋರ್ಡಿನ ಮೇಲಕ್ಕೆ ತಂದರೆ ಸಾಕಲ್ಲವೇ ಎಂದು ಕೇಳುವವರಿಗೆ ಉತ್ತರವೆಂದರೆ, ಅದನ್ನೂ ನೋಡಿದ್ದಾಯಿತು. ಗಳಿಸಿದ್ದು ಎಂಟೇ ಇಂಚು. ನನ್ನದು ಸಾಫ್ಟ್ ಟಾಪ್. ಮಡಚುವ ವಿಂಡ್‌ಶೀಲ್ಡಿನ ಬುಡದ ರಬ್ಬರು ಹಳೆಯದಾಗಿದ್ದು, ಮಳೆ ಬಂದಾಗ ಅಲ್ಲಿಂದ ತೊಟ್ಟಿಕ್ಕುವ ನೀರು ಗುರಿಯಿಟ್ಟಂತೆ ಅದೇ ಜಾಗಕ್ಕೆ ಬೀಳುತ್ತಿತ್ತು. ಕೊನೆಗೆ ಡ್ರೈವರ್ ಸೀಟಿನ ಹಿಂದಿನ ರೋಲ್ ಬಾರಿಗೆ (ಗಾಡಿ ಮಗುಚಿದರೆ ಕಾಯುವ ಕಬ್ಬಿಣದ ಕಮಾನು), ಹೆಗಲ ಮಟ್ಟದಲ್ಲಿ ಕಟ್ಟುವುದೆಂದು ತೀರ್ಮಾನಿಸಿದೆ. ಅಲ್ಲಿಯವರೆಗೆ ನೀರು ಬಂದರೆ ಗಾಡಿಯ ಚಿಂತೆ ಬಿಟ್ಟು ನನ್ನ ಚಿಂತೆ ಮಾಡಬೇಕಾಗುತ್ತದೆ. ಅದಕ್ಕೆ ಪ್ರತಿಯೊಂದು ವೈರಿಗೂ ಸುಮಾರು ಆರು ಅಡಿ ಸೇರಿಸಬೇಕಿತ್ತು. ಒಟ್ಟು ನಲವತ್ತೈದರ ಹತ್ತಿರ ವೈರುಗಳಿದ್ದವು ಎಂದು ನೆನಪು. ಎಣಿಸಿ ಬರೆದಿಟ್ಟ ಚೀಟಿ ಕಳೆದುಹೋಗಿದೆ.

ಅಂಗಡಿಯಿಂದ ಕೆಂಪು, ಕಪ್ಪು ವೈರಿನ ಸುರುಳಿ ತಂದು ಎಲ್ಲವನ್ನೂ ಅದರಲ್ಲೇ ಎಳೆದರೆ ಮುಂದೆ ತೊಂದರೆ ಬಂದಾಗ ಹುಡುಕುವುದು ದೇವರಿಗೂ ಸಾಧ್ಯವಿಲ್ಲ. ನಾನು ಗುಜರಿಯಿಂದ ಇನ್ನೊಂದು ಜಿಪ್ಸಿಯ ಹಳೆಯ ವೈರಿಂಗ್ ಕಿಟ್ಟನ್ನು ಎರಡು ಸಾವಿರಕ್ಕೆ ತಂದು, ಬಣ್ಣ ಮತ್ತು ಗೆರೆ ಹೊಂದಿಸಿ ಅದೇ ವೈರುಗಳನ್ನು ಜೋಡಿಸಿದೆ. ಜೋಡಣೆಗಳನ್ನು ಒಂದೇ ಕಡೆ ಗುಡ್ಡೆ ಹಾಕದೆ ಒಂದೊಂದನ್ನೂ ಒಂದು ಇಂಚು ಹಿಂದೆ ಮುಂದೆ ಮಾಡಿದ್ದರಿಂದ ಕಟ್ಟು ಹಾವು ಇಲಿ ನುಂಗಿದಂತೆ ಉಬ್ಬಲಿಲ್ಲ.

ವೈರು ಜೋಡಿಸಲು ಬೆಸುಗೆಯೋ, ಲೋಹದ ಕೊಳವೆಯಲ್ಲಿ ಅದುಮಿ ಹಿಡಿಸುವ ಕ್ರಿಂಪೋ ಎಂಬ ಜಗಳ ನಮ್ಮಲ್ಲಿ ಮುಗಿಯುವಂಥದ್ದಲ್ಲ. ಬೆಸುಗೆ ಮುಗಿಯುವ ಅಂಚಿನಲ್ಲಿ ವೈರು ಅಲುಗಾಟಕ್ಕೆ ಮುರಿಯುತ್ತದೆ ಎಂಬ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ನೀರಿನ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಎಳೆಗಳಿರುವ ವೈರಿನೊಳಗೆ, ಇನ್ಸುಲೇಷನ್ನಿನ ಅಡಿಯಲ್ಲಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆಯೇ ನೀರು ಏರುತ್ತದೆ. ಇದನ್ನು ಮನೆಯಲ್ಲಿ ಯಾರೂ ನಂಬಲಿಲ್ಲವಾದ್ದರಿಂದ ಒಂದು ಲೋಟ ನೀರಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ, ಅಡಿಯುದ್ದದ ವೈರಿನ ಒಂದು ತುದಿಯನ್ನು ಅದರಲ್ಲಿ ಮುಳುಗಿಸಿ, ಇನ್ನೊಂದನ್ನು ಲೋಟದ ಅಂಚಿನ ಮೇಲಿಂದ ಹೊರಗೆ ಇಳಿಬಿಟ್ಟು ಹಳೆಯ ಪೇಪರಿನ ಮೇಲಿಟ್ಟೆ. ಬೆಳಿಗ್ಗೆ ಪೇಪರಿನ ಮೇಲೆ ರೂಪಾಯಿಯಗಲ ನೀಲಿ ಕಲೆ ಕೂತಿತ್ತು. ಮಧ್ಯದಲ್ಲಿ ಎಳೆಗಳ ನಡುವೆಲ್ಲ ಸೀಸ ಇಳಿಯುವಂತೆ ಬೆಸೆದ ವೈರಿನ ಪೇಪರು ಮಾತ್ರ ಎರಡು ದಿನವಾದರೂ ಒಣಗಿಯೇ ಇತ್ತು. ಆದ್ದರಿಂದ ನಾನು ಕ್ರಿಂಪ್ ಮಾಡಿ, ಅದರ ಮೇಲೆ ಬೆಸೆದು, ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಎಳೆದು, ಅದರ ಎರಡೂ ಕಡೆ ಕಟ್ಟು ಅಲುಗದಂತೆ ಕ್ಲಿಪ್ ಹಾಕಿದ್ದೇನೆ. ಅಂಟಿಲ್ಲದ ಸ್ಲೀವ್ ಅಗ್ಗ, ಆದರೆ ನೀರಿಗೆ ಅದು ಇದ್ದೂ ಇಲ್ಲದಂತೆ.

ಉದ್ದ ಮಾಡಿದರೆ ಸಿಗ್ನಲ್ ಹೋಗುತ್ತದೆ ಎಂಬ ಭಯಕ್ಕೆ ಅರ್ಧ ಮಾತ್ರ ಆಧಾರವಿದೆ. ಅರ್ಧ ಚದರ ಮಿಲಿಮೀಟರಿನ ತಾಮ್ರದ ವೈರು ಮೀಟರಿಗೆ 0.04 ಓಮ್‌ನಷ್ಟು ತಡೆ ಕೊಡುತ್ತದೆ. ಸೆನ್ಸಾರಿನ ವೈರಿನಲ್ಲಿ ಹರಿಯುವುದು ಕೆಲವು ಮಿಲಿ ಆಂಪಿಯರ್ ಮಾತ್ರವಾದ್ದರಿಂದ ಆರು ಅಡಿಗೆ ಏನೂ ಆಗುವುದಿಲ್ಲ. ಇಂಜೆಕ್ಟರುಗಳ ಕರೆಂಟೆಲ್ಲ ಹಿಂತಿರುಗುವ ಅರ್ಥ್ ವೈರಿನ ಕಥೆಯೇ ಬೇರೆ. ಅಲ್ಲಿ ಮೂರು ಆಂಪಿಯರ್ ಹರಿದರೆ 0.2 ವೋಲ್ಟ್ ಬೀಳುತ್ತದೆ, ಇಂಜಿನ್ನಿನ ಹೊಗೆಯಲ್ಲಿ ಆಮ್ಲಜನಕ ಅಳೆಯುವ, ಒಂದು ವೋಲ್ಟಿನೊಳಗೇ ಏರಿಳಿಯುವ ಆಕ್ಸಿಜನ್ ಸೆನ್ಸಾರಿನ ಲೆಕ್ಕ ಕೆಡಿಸಲು ಅಷ್ಟು ಸಾಕು. ಹಾಗಾಗಿ ಅರ್ಥ್ ಮತ್ತು ಬ್ಯಾಟರಿಯಿಂದ ಬರುವ ವೈರುಗಳನ್ನು ಮಾತ್ರ ಎರಡೂವರೆ ಚದರ ಮಿಲಿಮೀಟರಿನ ಹೊಸ ವೈರಿನಲ್ಲಿ ಎಳೆದೆ.

ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಓಟದಲ್ಲಿ ಮೂರು ಸಾವಿರ ಆರ್‌ಪಿಎಂ ದಾಟಿದೊಡನೆ ಇಂಜಿನ್ ತಡವರಿಸುವ ಮಿಸ್ಸಿಂಗ್ ಶುರುವಾಯಿತು, ಚೆಕ್ ಇಂಜಿನ್ ದೀಪ ಹತ್ತಿತು. ಪೆಟ್ರೋಲನ್ನು ಬೈದೆ, ಪ್ಲಗ್ಗು ಬದಲಿಸಿದೆ, ಪ್ಲಗ್ ವೈರು ಬದಲಿಸಿದೆ. ಹತ್ತು ದಿನ ಮತ್ತು ಎರಡೂವರೆ ಸಾವಿರ ರೂಪಾಯಿ ವ್ಯರ್ಥವಾದವು. ತಪ್ಪು ನನ್ನದೇ ಆಗಿತ್ತು. ಇಂಜಿನ್ ತಿರುಗುವ ಲೆಕ್ಕವನ್ನು ಇಸಿಯುವಿಗೆ ಕೊಡುವ ಪೊಸಿಷನ್ ಸೆನ್ಸಾರಿನ ವೈರಿಗೆ ಮೇಲೆ ಜಾಲರಿಯ ಕವಚವಿತ್ತು. ಉದ್ದ ಮಾಡುವಾಗ ನಾನು ಸಾದಾ ವೈರು ಹಾಕಿ, ಅದನ್ನು ಇಂಜೆಕ್ಟರಿನ ವೈರುಗಳ ಜೊತೆಯಲ್ಲೇ ಕಟ್ಟಿದ್ದೆ. ಶೀಲ್ಡ್ ಇರುವ ವೈರನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿ, ಜಾಲರಿಯನ್ನು ಇಸಿಯುವಿನ ಕಡೆ ಮಾತ್ರ ಅರ್ಥ್ ಮಾಡಿ, ಬೇರೆ ದಾರಿಯಲ್ಲಿ ಎಳೆದ ದಿನವೇ ಮಿಸ್ಸಿಂಗ್ ನಿಂತಿತು.

ಈಗ ಇಸಿಯು ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ, ರಬ್ಬರ್ ಬುಷ್‌ಗಳ ಮೇಲೆ, ಕಪ್ಲರ್ ಕೆಳಮುಖವಾಗಿ ಕೂತಿದೆ. ವೈರಿನ ಕಟ್ಟು ಒಮ್ಮೆ ಕಪ್ಲರಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರುವುದರಿಂದ ಹರಿದುಬಂದ ಹನಿ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಊಟದ ಡಬ್ಬಿಯಿಂದ ಕಲಿತ ಪಾಠದಂತೆ ಈ ಪೆಟ್ಟಿಗೆ ಉಸಿರಾಡುತ್ತದೆ. ಹೇಗೆ, ಯಾವ ಸಾಮಾನಿನಿಂದ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನನ್ನ ಎರಡು ಇಸಿಯುಗಳ ಬೆಲೆ ತೆತ್ತಿದ್ದೇನೆ. ಇದೇ ಉಮೇದಿನಲ್ಲಿ ಫ್ಯೂಸ್ ಬಾಕ್ಸನ್ನೂ ಮೇಲೇರಿಸಲು ಹೋಗಿ, ದಪ್ಪ ವೈರುಗಳ ಭಾರಕ್ಕೆ ಬ್ರಾಕೆಟ್ ಬಾಗಿದ್ದರಿಂದ ಅದನ್ನು ಅರ್ಧಕ್ಕೆ ಕೈಬಿಟ್ಟೆ.

ಸಾಮಾನಿಗೆ ಒಟ್ಟು ಏಳು ಸಾವಿರದೊಳಗೆ ಖರ್ಚಾಗಿರಬೇಕು, ಕೆಲಸ ಐದು ಭಾನುವಾರ ಹಿಡಿಯಿತು. ಕಳೆದ ಆಶ್ಲೇಷಾ ಮಳೆಯಲ್ಲಿ ಹಳ್ಳದ ನಡುವೆ ಕಲ್ಲಿಗೆ ಸಿಕ್ಕಿ ಕಾಲು ಗಂಟೆ ನಿಂತಾಗ ನನ್ನ ಚಪ್ಪಲಿಗಳು ಗಾಡಿಯೊಳಗೇ ತೇಲುತ್ತಿದ್ದವು, ಇಂಜಿನ್ ಮಾತ್ರ ಐಡಲಿಂಗಿನಲ್ಲಿ ಸಮವಾಗಿ ಓಡುತ್ತಿತ್ತು. ಮರುದಿನ ಕೆಟ್ಟದ್ದು ಸ್ಟಾರ್ಟರ್ ಮೋಟಾರು. ಅದನ್ನು ಬಿಚ್ಚಿ ಕೊಂಡೊಯ್ದಾಗ, ಕಂಪ್ಯೂಟರ್ ವೈರಿಗೆ ಕೈ ಹಾಕಲ್ಲ ಎಂದಿದ್ದ ಆ ಹಿರಿಯ ಎಲೆಕ್ಟ್ರಿಷಿಯನ್ ಅದರಿಂದ ಕೆಸರು ಕೆರೆಯುತ್ತ, ತಲೆಯೆತ್ತದೆಯೇ, "ಆ ಶೀಲ್ಡ್ ವೈರು ಎಸ್.ಪಿ. ರೋಡಲ್ಲಿ ಮೀಟರಿಗೆ ಎಷ್ಟು ಬಿತ್ತು ಗೌಡ್ರೇ?" ಎಂದು ಕೇಳಿದರು.