ಮಂಡಿಯೊಳಗೆ ಸೀಳಿದ ತೊಡೆ ಮೂಳೆಗೆ ಸ್ಕ್ರೂ ಹಾಕುವುದು: ನನ್ನ ಅನುಭವ

ಬೈಕ್ ಮೇಲೆ ಕೂತಾಗ ಮಂಡಿ ಮಡಚಿಕೊಂಡೇ ಇರುತ್ತದೆ, ಅಲ್ವಾ? ಹಾಗಿರುವಾಗ ಎದುರಿನಿಂದ ಜೋರಾಗಿ ಪೆಟ್ಟು ಬಿದ್ದರೆ, ತೊಡೆ ಮೂಳೆಯ ಕೆಳತುದಿಯ ಹಿಂಭಾಗ ಉದ್ದಕ್ಕೆ ಸೀಳಿ ಬೇರೆಯಾಗಬಹುದು. ಆ ತುದಿಯಲ್ಲಿ ಒಳಬದಿಗೊಂದು, ಹೊರಬದಿಗೊಂದು ದುಂಡನೆಯ ಉಬ್ಬು ಇರುತ್ತದೆ, ಹೆಚ್ಚಾಗಿ ಹೊರಬದಿಯದೇ ಸೀಳುತ್ತದೆ. ಇದಕ್ಕೆ ನಾವು ಮೂಳೆ ಡಾಕ್ಟರುಗಳು ಹೋಫಾ ಫ್ರಾಕ್ಚರ್ ಎನ್ನುತ್ತೇವೆ. ಜರ್ಮನಿಯ ಆಲ್ಬರ್ಟ್ ಹೋಫಾ 1904ರಲ್ಲಿ ಇದರ ಬಗ್ಗೆ ಬರೆದಿದ್ದರಿಂದ ಆ ಹೆಸರು.

ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಇದು ಕಾಣದೇ ಹೋಗಬಹುದು. ಮುಂಭಾಗದ ಮೂಳೆ ಹಿಂದಿನ ಬಿರುಕನ್ನು ಮರೆಮಾಡುತ್ತದೆ. ಮಂಡಿ ಊದಿದೆ, ಕಾಲೂರಲು ಆಗುತ್ತಿಲ್ಲ, ಎಕ್ಸ್‌ರೇ ಮಾತ್ರ ಸರಿಯಾಗಿದೆ ಅಂದರೆ ನಾನು ಸಿಟಿ ಸ್ಕ್ಯಾನ್ ಬರೆಯುತ್ತೇನೆ. ಸ್ಕ್ಯಾನ್ ನೋಡದೆ ಆಪರೇಷನ್‌ಗೂ ಇಳಿಯುವುದಿಲ್ಲ. ತುಂಡು ಎಷ್ಟು ದಪ್ಪ, ಬಿರುಕು ಯಾವ ಕಡೆ ವಾಲಿದೆ ಅಂತ ಗೊತ್ತಾಗದೆ ಸ್ಕ್ರೂ ದಾರಿ ತೀರ್ಮಾನಿಸುವುದು ಹೇಗೆ?

ಪ್ಲಾಸ್ಟರ್ ಸಾಕಲ್ವಾ ಸಾರ್ ಅಂತ ಮನೆಯವರು ಕೇಳುತ್ತಾರೆ. ಈ ತುಂಡು ಜಾರುವ ಜಾತಿಯದು, ಪ್ಲಾಸ್ಟರ್‌ನೊಳಗೂ ಕದಲಬಹುದು. ಮೇಲಾಗಿ ಇದು ಕೀಲಿನ ಭಾಗ. ಇಲ್ಲಿ ಮೆಟ್ಟಿಲಿನಂತೆ ಏರುಪೇರು ಉಳಿದರೆ ಮುಂದೆ ಮಂಡಿ ಸವೆಯುತ್ತದೆ.

ಹೊರಬದಿಯದಾದರೆ ಮಂಡಿಚಿಪ್ಪಿನ ಹೊರಪಕ್ಕದಲ್ಲಿ ಕೊಯ್ದು, ಚಿಪ್ಪನ್ನು ಬದಿಗೆ ಸರಿಸುತ್ತೇನೆ. ಮಂಡಿಯನ್ನು ಚೆನ್ನಾಗಿ ಮಡಚಿದರೆ ಹಿಂದಿನ ತುಂಡು ಕಾಣುತ್ತದೆ. ಹೆಪ್ಪುಗಟ್ಟಿದ ರಕ್ತ ತೊಳೆಯುತ್ತೇನೆ. ತುಂಡಿಗೆ ಹಿಂದೆ ಅಂಟಿರುವ ಮಾಂಸವನ್ನು ಮಾತ್ರ ಬಿಡಿಸುವುದಿಲ್ಲ. ಅದಕ್ಕೆ ರಕ್ತ ಬರುವುದೇ ಅಲ್ಲಿಂದ. ತುಂಡಿಗೆ ಒಂದು ತಂತಿ ಚುಚ್ಚಿ, ಅದನ್ನೇ ಹಿಡಿದು ತಿರುಗಿಸುತ್ತಾ ಜಾಗಕ್ಕೆ ಕೂರಿಸುತ್ತೇನೆ. ಹೆಚ್ಚು ಹೊತ್ತು ಹಿಡಿಯುವುದು ಇದೇ ಕೆಲಸ. ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಯಂತ್ರ) ಚಿತ್ರ ಆಮೇಲೆ, ಮೊದಲು ಕಣ್ಣು, ಬೆರಳು. ಕಾರ್ಟಿಲೇಜ್ (ಕೀಲಿನಲ್ಲಿ ಮೂಳೆಯನ್ನು ಹೊದ್ದಿರುವ ನುಣುಪಾದ ಪದರ) ಮೇಲೆ ಬೆರಳಾಡಿಸಿದಾಗ ಏನೂ ತಡೆಯಬಾರದು.

ಸ್ಕ್ರೂ ಕನಿಷ್ಠ ಎರಡು ಬೇಕು. ಒಂದೇ ಆದರೆ ತುಂಡು ಅದರ ಸುತ್ತ ತಿರುಗುತ್ತದೆ. ಬಿರುಕಿಗೆ ನೇರ ಅಡ್ಡವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಹಾಕುತ್ತೇನೆ. ತುಂಡು ದೊಡ್ಡದಿದ್ದರೆ 6.5 ಮಿ.ಮೀ., ಚಿಕ್ಕದಕ್ಕೆ 3.5 ಅಥವಾ 4.5. ಬಡಗಿ ಎರಡು ಹಲಗೆ ಬಿಗಿಯುವಾಗ ಮಾಡುವ ಹಾಗೆ, ಸ್ಕ್ರೂವಿನ ಥ್ರೆಡ್ (ಸುತ್ತು ಗೀರು) ಆಚೆಯ ತುಂಡನ್ನಷ್ಟೇ ಕಚ್ಚಬೇಕು. ಬಿರುಕಿನ ಮೇಲೇ ಥ್ರೆಡ್ ನಿಂತರೆ ಎಷ್ಟು ತಿರುಗಿಸಿದರೂ ಸಂದು ಮುಚ್ಚುವುದಿಲ್ಲ.

ಹಿಂದಿನಿಂದ ಮುಂದಕ್ಕೆ ಹಾಕಿದ ಸ್ಕ್ರೂ ಹೆಚ್ಚು ಗಟ್ಟಿ ಅಂತ ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ಆದರೂ ತುಂಡು ದಪ್ಪವಿದ್ದರೆ ನಾನು ಮುಂದಿನಿಂದಲೇ ಹಾಕುತ್ತೇನೆ. ಕೀಲು ಕಣ್ಣಿಗೆ ಕಾಣುವುದು ಆ ಕಡೆಯಿಂದಲೇ. ತೆಳುವಾಗಿದ್ದರೆ ಹಿಂದಿನಿಂದ ತಲೆಯಿಲ್ಲದ ಸ್ಕ್ರೂ ಹಾಕಿ ಕಾರ್ಟಿಲೇಜ್‌ನ ಕೆಳಗೆ ಹುದುಗಿಸುತ್ತೇನೆ. ಪುಡಿಪುಡಿಯಾಗಿದ್ದರೆ ಬರೀ ಸ್ಕ್ರೂ ಸಾಲದು, ಪ್ಲೇಟೂ ಬೇಕು. ಸ್ಕ್ರೂವಿನ ತುದಿ ಹೊರಗೆ ಬಂದಿದೆಯಾ ಅಂತ ಸಿ-ಆರ್ಮ್ ತಿರುಗಿಸಿ ತಿರುಗಿಸಿ ನೋಡುತ್ತೇನೆ. ಅಲ್ಲಿ ಮೂಳೆ ದುಂಡಗಿರುವುದರಿಂದ ಒಂದೇ ಚಿತ್ರ ನಂಬುವ ಹಾಗಿಲ್ಲ.

ಬಿಗಿತ ಚೆನ್ನಾಗಿದ್ದರೆ ಒಂದೆರಡು ದಿನದಲ್ಲೇ ಮಂಡಿ ಮಡಚಿಸಲು ಶುರು. ಭಾರ ಹಾಕುವುದು ಮಾತ್ರ ಸಾಮಾನ್ಯವಾಗಿ 8ರಿಂದ 12 ವಾರ ಬೇಡ. ಜನ ಇದನ್ನು ತಲೆಕೆಳಗು ಮಾಡುತ್ತಾರೆ! ನೋವು ಅಂತ ಮಂಡಿ ಮಡಚುವುದಿಲ್ಲ, ನೋವಿಲ್ಲ ಅಂತ ನಡೆದುಬಿಡುತ್ತಾರೆ. ಕುಕ್ಕರಗಾಲಲ್ಲಿ ಕೂರುವುದು ಮೂಳೆ ಕೂಡಿದ ಮೇಲೆ. ಕೆಲವರಿಗೆ ಅಷ್ಟು ಮಡಚಲು ಬರುವುದೇ ಇಲ್ಲ, ಇದನ್ನು ಆಪರೇಷನ್‌ಗೆ ಮುಂಚೆಯೇ ಹೇಳಿರುತ್ತೇನೆ. ಸ್ಕ್ರೂ ತೊಂದರೆ ಕೊಡದಿದ್ದರೆ ಅದನ್ನು ತೆಗೆಯಲು ಸುಮ್ನೆ ಇನ್ನೊಂದು ಆಪರೇಷನ್ ಬೇಡ.