ಗೋಕರ್ಣಕ್ಕೆ ಹೋದರೆ ಒಂದು ಬೆಳಗ್ಗೆ ತದಡಿಗೆ ಇಡಿ

ಗೋಕರ್ಣಕ್ಕೆ ಹೋದವರು ಬೀಚ್ ನೋಡಿ ವಾಪಸ್ ಬರುತ್ತಾರೆ, ಅಲ್ವಾ? ಮುಂದಿನ ಸಲ ಹತ್ತಿರದ ತದಡಿಯಲ್ಲಿ ಒಂದಿಷ್ಟು ನಡೆದು ನೋಡಿ. ಹೊಳೆ ಬದಿಯಲ್ಲಿ ನೆಲ ಸಮತಟ್ಟು, ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದು.

ಮೀನುಗಾರಿಕೆ ಬಂದರಿನಿಂದ ಶುರು ಮಾಡಿ. ದೋಣಿಯಿಂದ ಮೀನು ಇಳಿಸುವಾಗ ಮೇಲೆ ಗರುಡಗಳು ಸುತ್ತುತ್ತಿರುತ್ತವೆ, ಆ ನೋಟಕ್ಕೇ ಅರ್ಧ ಗಂಟೆ ನಿಲ್ಲಬೇಕು ಅನಿಸುತ್ತದೆ. ಆಮೇಲೆ ಅಘನಾಶಿನಿ ಹೊಳೆಯ ದಂಡೆ ಹಿಡಿದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡೆ ನಡೆಯಿರಿ. ಉಪ್ಪು ನೀರನ್ನೂ ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು ಈ ಹೊಳೆ ಸುತ್ತಲೇ ಇರುವುದು.

ಒಂದು ಮಾತು ಮಾತ್ರ ಮರೆಯಬೇಡಿ, ಇಳಿತದ ಹೊತ್ತಿಗೆ ಹೋಗಿ. ನೀರು ಇಳಿದು ಕೆಸರು ಕಂಡಾಗಲೇ ಬೆಳ್ಳಕ್ಕಿ, ಮಿಂಚುಳ್ಳಿ, ಚಳಿಗಾಲವಾದರೆ ದೂರದಿಂದ ಬಂದ ಗೊರವಗಳೆಲ್ಲ ಏಡಿ, ಹುಳು ಹುಡುಕುತ್ತಾ ಕಾಣುತ್ತವೆ. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಿಂದಿನ ದಿನವೇ ಅಲ್ಲಿನ ಮೀನುಗಾರರನ್ನು ಕೇಳಿ. ಬೈನಾಕ್ಯುಲರ್, ಟೋಪಿ, ನೀರು ಇರಲಿ.

ಬಳಚು (ಕೆಸರಲ್ಲಿ ಸಿಗುವ ಚಿಪ್ಪಿನ ಜೀವಿ) ಹೆಕ್ಕುವವರನ್ನು ನೋಡಿ ನೀವೂ ಕೆಸರಿಗೆ ಇಳಿಯಬೇಡಿ, ಅವರಿಗೆ ಜಾಗ ಗೊತ್ತು, ನಮಗೆ ಗೊತ್ತಿಲ್ಲ. 2024ರಲ್ಲಿ ಈ ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಪ್ಲಾಸ್ಟಿಕ್ ಏನಿದ್ದರೂ ದಯವಿಟ್ಟು ವಾಪಸ್ ತನ್ನಿ.